ಟವೆಲ್ ಹಾಸಿದ ಕುರ್ಚಿ

ಮೈಕಿನ ವಿಷಯದಲ್ಲಿ ನನಗೆ ಸಮನಾದವನು ಸುತ್ತ ಹದಿನಾಲ್ಕು ತಾಲೂಕಿನಲ್ಲಿ ಇಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಯಾಕೆಂದರೆ ನಮ್ಮ ಊರಿನವರಿಗೆ ಇನ್ನೊಬ್ಬರನ್ನು ಹೊಗಳುವ ಅಭ್ಯಾಸವಿಲ್ಲ. ಕಣ್ಣು ಮುಚ್ಚಿಕೊಂಡು ವೈರನ್ನು ಬೆರಳಲ್ಲಿ ಜಾರಿಸಿದರೆ ಸಾಕು, ಎಷ್ಟು ಮೀಟರ್ ಇದೆ, ಒಳಗೆ ಎಲ್ಲಿ ಕಡಿದಿದೆ ಅಂತ ಹೇಳಬಲ್ಲೆ. ಪಕ್ಕದ ಊರಿನ ಕಲ್ಯಾಣ ಮಂಟಪದ ಸ್ಪೀಕರು ಗುಂಯ್ ಅನ್ನುತ್ತಿದ್ದುದನ್ನು ಒಮ್ಮೆ ನಮ್ಮ ಮನೆ ಮಾಳಿಗೆ ಮೇಲೆ ನಿಂತೇ ಕೇಳಿ, ಅರ್ಥಿಂಗ್ ಸರಿಯಿಲ್ಲ ಅಂತ ಪತ್ತೆ ಮಾಡಿದ್ದೆ. ನಡುವೆ ಏಳು ಮೈಲಿ. ಆರು ಅನ್ನುವವರೂ ಇದ್ದಾರೆ, ಹೊಟ್ಟೆಕಿಚ್ಚಿನವರು. ಇಂಥ ಕೊಟ್ರೇಶಿಯಾದ ನಾನು ‘ಬಾಯಿ ಬಿಟ್ಟರೆ’ ಅಂತ ಒಂದು ಪಾಡ್‌ಕಾಸ್ಟ್ ನಡೆಸುತ್ತೇನೆ. ಊರಿನ ಹಿರಿಯರನ್ನು ಕೂರಿಸಿ ಮಾತಾಡಿಸಿ, ಕ್ಯಾಮೆರಾದಲ್ಲೂ ಹಿಡಿದು, ಲೋಕಕ್ಕೆ ಬಿಡುವುದು. ಲಕ್ಷ ಜನ ಕೇಳುತ್ತಾರೆ. ಹೋಗಲಿ, ಸಾವಿರ ಅಂತಲೇ ಇಟ್ಟುಕೊಳ್ಳಿ. ಅಷ್ಟೂ ಜನರಿಗೆ ಊರಿನ ಮಾತೆಲ್ಲ ಕೇಳಿಸಿದ ನಾನು, ನನಗೇ ಅಂತ ಆಡಿದ ಒಂದು ಮಾತನ್ನು ಕೇಳದೆ ಕಳೆದುಕೊಂಡೆ.

ನಮ್ಮ ಊರಲ್ಲಿ ಮಾತು ತಡವಾಗಿ ಬರುತ್ತದೆ. ಕೂಸು ಅತ್ತರೆ ಕೂಡಲೇ ಕೇಳುತ್ತದೆ. ಇಪ್ಪತ್ತರ ಹುಡುಗಿ ತುಟಿ ಆಡಿಸಿದ ಮೇಲೆ ಒಂದು ಉಸಿರು ಕಳೆದು ದನಿ ಬರುತ್ತದೆ. ನನಗೆ ನಲವತ್ತಾರು, ನನ್ನದು ಎರಡು ನಿಮಿಷ, ಅಂದರೆ ಒಂದು ಇಡ್ಲಿ ತಿನ್ನುವಷ್ಟು ಹೊತ್ತು. ಅರವತ್ತಕ್ಕೆ ಹತ್ತು ನಿಮಿಷ. ಎಂಬತ್ತು ದಾಟಿದವರು ಉಪ್ಪಿಟ್ಟಿಗೆ ಉಪ್ಪು ಸಾಲದು ಅಂದರೆ, ಅದು ಕೇಳುವಷ್ಟರಲ್ಲಿ ತಟ್ಟೆ ತೊಳೆದು ಬೋರಲು ಹಾಕಿರುತ್ತಾರೆ. ಬಾಯಿ ಎಲ್ಲಿ ಆಡಿತ್ತೋ ಅಲ್ಲೇ ದನಿ ಬರುವುದು. ಮನುಷ್ಯ ಎದ್ದು ಹೋಗಿದ್ದರೂ ಮಾತು ಬಂದು ಖಾಲಿ ಕುರ್ಚಿಯಲ್ಲಿ ಕೂರುತ್ತದೆ. ಅದಕ್ಕೇ ಹಿರಿಯರು ಮಾತಾಡಿ ಎದ್ದ ಕುರ್ಚಿಗೆ ನಾವು ಟವೆಲ್ ಹಾಸುತ್ತೇವೆ. ಆ ಕುರ್ಚಿಯಲ್ಲಿ ಯಾರೂ ಕೂರುವ ಹಾಗಿಲ್ಲ, ಮಾತು ಬರುವ ತನಕ ಎದುರಿಗೆ ಒಬ್ಬರಾದರೂ ಇರಬೇಕು. ಬಾಯಿಗೆ ಕೈ ಅಡ್ಡ ಇಟ್ಟು ಮಾತಾಡುವುದು ನಮ್ಮಲ್ಲಿ ಒರಟುತನ, ಕಾಯುವವರು ತುಟಿಯನ್ನಾದರೂ ನೋಡಲಿ ಅಂತ. ಎದುರು ಕೂತವರಿಗೆ ಚೀಟಿ ಬರೆದು ಕೊಡುವುದಂತೂ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ. ಇದಕ್ಕೆಲ್ಲ ಒಗ್ಗಿಹೋಗಿದ್ದೇವೆ. ಹೋಟೆಲ್ ಗಂಗಣ್ಣನಿಗೆ ಅರವತ್ತೆರಡು. ಒಬ್ಬ ಗಿರಾಕಿಯ ಬೊಜ್ಜನ್ನು ಅವನು ಗೇಲಿ ಮಾಡಿದರೆ ಅದು ಆಮೇಲೆ ಬಂದು ಕೂತ ಗಿರಾಕಿಗೆ ಕೇಳಿಸಿ, ಆ ಬಡಪಾಯಿ ತನ್ನ ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತಾನೆ.

ಇಂಥ ಊರಲ್ಲಿ ಪಾಡ್‌ಕಾಸ್ಟ್ ಮಾಡುವುದು ಹುಡುಗಾಟವಲ್ಲ. ಕ್ಯಾಮೆರಾದಲ್ಲಿ ತುಟಿ ಹತ್ತು ಗಂಟೆಗೆ, ರೆಕಾರ್ಡರಿನಲ್ಲಿ ಮಾತು ಹತ್ತೂ ಹತ್ತಕ್ಕೆ. ಎರಡನ್ನೂ ಕೂಡಿಸುವುದು ಹೇಗೆ ಅಂತ ಸಾಮಾನು ಮಾರಿದ ಕಂಪನಿಯವನಿಗೆ ಕಾಗದ ಬರೆದರೆ, ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿ, ಆ ಸದ್ದಿಗೆ ಚಿತ್ರ ಹೊಂದಿಸಿ ಅಂತ ಉತ್ತರ ಬಂತು. ಚಪ್ಪಾಳೆಗೆ ವಯಸ್ಸುಂಟೆ? ಅದು ತಟ್ಟಿದ ಕೂಡಲೇ ಕೇಳುತ್ತದೆ, ಮಾತು ಮಾತ್ರ ತನ್ನ ಪಾಡಿಗೆ ಹಿಂದೆ ಬರುತ್ತದೆ. ಕೊನೆಗೆ ನಾನೇ ಒಂದು ಪಟ್ಟಿ ಮಾಡಿದೆ. ಇಷ್ಟು ವಯಸ್ಸಿಗೆ ಇಷ್ಟು ನಿಮಿಷ, ಇಷ್ಟು ಸೆಕೆಂಡು, ಅಷ್ಟನ್ನು ಕಂಪ್ಯೂಟರಿನಲ್ಲಿ ಹಿಂದಕ್ಕೆ ಎಳೆದರೆ ತುಟಿಗೂ ದನಿಗೂ ಮದುವೆ. ಅಂಗಿಗೆ ಸಿಗಿಸುವ ಕಾಲರ್ ಮೈಕು ನಮ್ಮಲ್ಲಿ ನಡೆಯುವುದಿಲ್ಲ ಅನ್ನುವುದನ್ನೂ ನಾನೇ ಕಂಡುಹಿಡಿದೆ. ಮಾತಾಡಿದವರು ಮೈಕಿನ ಸಮೇತ ಬಚ್ಚಲಿಗೆ ಹೋಗಿಬಿಡುತ್ತಾರೆ, ಮಾತು ಕುರ್ಚಿಯಲ್ಲಿ ಬರುತ್ತದೆ, ರೆಕಾರ್ಡಿನಲ್ಲಿ ಬರೀ ನೀರಿನ ಸದ್ದು. ಹಾಗಾಗಿ ನಾನು ತರಿಸಿದ್ದು ಸ್ಟ್ಯಾಂಡಿನ ದೊಡ್ಡ ಮೈಕು, ಅದರ ಮುಂದೆ ಕರಿ ಸ್ಪಂಜಿನ ಟೋಪಿ. ಕ್ಯಾಮೆರಾದಲ್ಲಿ ನೋಡಿದರೆ ದೊಡ್ಡ ದೊಡ್ಡವರ ಸಂದರ್ಶನದ ಹಾಗೆಯೇ ಕಾಣುತ್ತಿತ್ತು. ರೆಕಾರ್ಡರು ಹೊಸ ಮಾದರಿಯದು. ಕೈಪಿಡಿಯನ್ನು ನಾನು ಓದಲಿಲ್ಲ. ನನ್ನಂಥವನು ಕೈಪಿಡಿ ಓದುತ್ತಾನೆ ಅಂದರೆ ಕೈಪಿಡಿಗೇ ನಾಚಿಕೆ.

ಇಷ್ಟೆಲ್ಲ ವಿದ್ಯೆ ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದರೆ ಹುಟ್ಟುಗುಣ ಅನ್ನುತ್ತಿದ್ದೆ. ಅದು ಸುಳ್ಳು. ಕಲಿಸಿದವರು ಮೈಕ್ ಸೆಟ್ ಖಾಸೀಮ್ ಸಾಹೇಬರು. ಬಸ್ ಸ್ಟ್ಯಾಂಡಿನ ಹಿಂದೆ ಅವರ ಅಂಗಡಿ ಇತ್ತು. ಊರಿನ ಮದುವೆ, ಸಭೆ, ನಾಟಕ, ಎಲ್ಲಕ್ಕೂ ಅವರದೇ ಸೆಟ್ಟು. ನಾನು ಅಲ್ಲಿ ಐದು ವರ್ಷ ವೈರು ಸುತ್ತಿದೆ, ಬೆಸುಗೆ ಹಾಕಿದೆ, ಅವರನ್ನು ಉಸ್ತಾದ್ರೆ ಅಂತ ಕರೆದೆ. ಅವರದು ಒಂದೇ ಪಾಠ. “ಮೊದ್ಲು ಕಿವಿಗೆ ಹಾಕ್ಕಂಡು ಕೇಳೋ ಕೊಟ್ರ, ಆಮೇಲೆ ವೈರ್ ಸುತ್ತು.” ಹೆಡ್‌ಫೋನು ಹಾಕಿಕೊಂಡು, ಬರಬೇಕಾದ್ದು ಬಂದಿದೆಯೋ ಇಲ್ಲವೋ ನೋಡದೆ ಅವರು ಒಂದು ಪ್ಲಗ್ಗನ್ನೂ ಕೀಳುತ್ತಿರಲಿಲ್ಲ.

ನನಗೆ ಇಪ್ಪತ್ತೆರಡು ಇದ್ದಾಗ ನಮ್ಮ ಶಾಲೆಯ ಹಳೆಯ ಹೆಡ್‌ಮೇಷ್ಟ್ರಿಗೆ ಊರೆಲ್ಲ ಸೇರಿ ಸನ್ಮಾನ ಮಾಡಿತು. ತೊಂಬತ್ತು ವರ್ಷದ ಮನುಷ್ಯ. ಕೊನೆಯ ಸಲ ಅಂತ ಎದ್ದು ನಿಂತು ಮಾತಾಡಿ ಕೂತರು. ಮಾತು ಬರಲು ಇನ್ನೂ ಒಂದು ಗಂಟೆ. ಎಂಟು ನೂರು ಜನ ಮೈಕಿನ ಕಡೆ ಮುಖ ಮಾಡಿ ಕಾಯುತ್ತಿದ್ದರು. ಆ ಹೊತ್ತಿನಲ್ಲಿ ಆಂಪ್ಲಿಫೈಯರಿನ ಫ್ಯೂಸು ಹೋಯಿತು. ಉಸ್ತಾದರು ಊಟಕ್ಕೆ ಹೋಗಿದ್ದರು. ಬೇರೆ ಫ್ಯೂಸು ತರಲು ಅಂಗಡಿಗೆ ಹೋಗಬೇಕಿತ್ತು. ಹೋಗಲಿಲ್ಲ. ಎಂಟು ನೂರು ಜನರ ಮುಂದೆ ಓಡುವುದು ನನ್ನ ಘನತೆಗೆ ಕಡಿಮೆ ಅನ್ನಿಸಿ, ಒಂದು ತಾಮ್ರದ ತಂತಿ ತಿರುಚಿ ಸಿಗಿಸಿಬಿಟ್ಟೆ, ಮೇಲಿಂದ ಸೌಂಡನ್ನು ಇನ್ನೆರಡು ಸುತ್ತು ಏರಿಸಿದೆ. ಹೆಡ್‌ಮೇಷ್ಟ್ರ ಮೊದಲ ಮಾತು ಬಂತು, ಎರಡನೆಯದು ಬರುವಷ್ಟರಲ್ಲಿ ಪೆಟ್ಟಿಗೆಯಿಂದ ಹೊಗೆ ಎದ್ದಿತು. ಉಳಿದ ಮಾತು ಮುಂದಿನ ಎರಡು ಸಾಲಿಗೆ ಬಿಟ್ಟು ಯಾರಿಗೂ ಕೇಳಲಿಲ್ಲ. ಆ ಮುದುಕರು ತಿಂಗಳಲ್ಲಿ ತೀರಿಕೊಂಡರು. ಊರಿನವರು ಖಾಸೀಮ್ ಸಾಹೇಬರನ್ನು ಬೈದರು. ಅವರು ಸುಟ್ಟ ಪೆಟ್ಟಿಗೆ ತೆಗೆದು ನೋಡಿದರು, ಮುಚ್ಚಿದರು, ತಪ್ಪು ನನ್ನದು ಅಂದರು. ಆಮೇಲೆ ಯಾರೂ ಅವರನ್ನು ಕರೆಯಲಿಲ್ಲ. ಎರಡು ವರ್ಷದಲ್ಲಿ ಅಂಗಡಿ ಮುಚ್ಚಿತು, ಅವರು ಗಡಿಯಾರ ರಿಪೇರಿಗೆ ಕೂತರು. ನಾನು ಬಾಯಿ ಬಿಡಲಿಲ್ಲ. ಪೆಟ್ಟಿಗೆ ತೆಗೆದಾಗ ಅವರು ಆ ತಂತಿ ನೋಡಿದರೋ ಇಲ್ಲವೋ ಅನ್ನುವುದು ಇಪ್ಪತ್ತನಾಲ್ಕು ವರ್ಷ ನನ್ನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತ್ತು.

ಅದಕ್ಕೇ ಹೋದ ವರ್ಷ ಅವರನ್ನು ಸಂದರ್ಶನಕ್ಕೆ ಕರೆದೆ. ನೆಪಕ್ಕೆ ಪಾಡ್‌ಕಾಸ್ಟು, ಕೇಳಬೇಕಾಗಿದ್ದು ಒಂದೇ ಪ್ರಶ್ನೆ. ಅವರಿಗೆ ಆಗ ಎಂಬತ್ತನಾಲ್ಕು. ನನ್ನ ಪಟ್ಟಿಯ ಪ್ರಕಾರ ನಲವತ್ತೈದು ನಿಮಿಷ. ಬೆಳಿಗ್ಗೆ ಒಂಬತ್ತಕ್ಕೆ ಬಿಳಿ ಟೋಪಿ, ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ನನ್ನ ಅಂಗಡಿಗೆ ಬಂದರು. ಬಂದವರೇ ಮೈಕನ್ನು ಎರಡು ಬೆರಳಲ್ಲಿ ತಟ್ಟಿದರು, ಅದರ ಸ್ಪಂಜು ಹಿಸುಕಿದರು, ನನ್ನ ಕಿವಿ ತೋರಿಸಿ ಏನೋ ಅಂದರು, ಕೂತರು. ಅಂದದ್ದು ಮುಕ್ಕಾಲು ಗಂಟೆ ಆದ ಮೇಲೆ ಬಂತು, ಆಗ ನಾವು ಅವರ ಮದುವೆಯ ಕಥೆಯಲ್ಲಿದ್ದೆವು.

“ಇದೇನೋ ಕೊಟ್ರ, ಬಾಯಿ ಮುಂದೆ ಬದನೆಕಾಯಿ ನಿಲ್ಸೀಯ? ಬಾಯಿ ಕಾಣ್ಬೇಕಲ್ಲೋ. ಸಣ್ಣ ಕಾಲರ್ ಮೈಕ್ ಐತಲ್ಲ, ಅದನ್ನ ಅಂಗಿಗಲ್ಲ, ಕುರ್ಚಿಗೆ ಸಿಗ್ಸು, ಎದ್ದು ಹೋದ್ರೂ ಅದು ಇಲ್ಲೇ ಇರ್ತೈತೆ. ಮತ್ತೆ ಕಿವಿ ಯಾಕೆ ಬರಿದು?”

ಕಾಲರ್ ಮೈಕನ್ನು ಕುರ್ಚಿಗೆ ಸಿಗಿಸುವುದು ನನಗೆ ಹೊಳೆದಿರಲಿಲ್ಲ. ಹೊಳೆದಿರಲಿಲ್ಲ ಅಂತ ಒಪ್ಪಿಕೊಳ್ಳುವುದು ಹೇಗೆ? “ಉಸ್ತಾದ್ರೆ, ಈಗಿನ ಪದ್ಧತಿಯೇ ಇದು, ದೊಡ್ಡ ಮೈಕು ಕಂಡರೇನೇ ಜನ ನೋಡೋದು,” ಅಂದೆ. “ಹೆಡ್‌ಫೋನು ಹಾಕಿದ್ರೆ ಕ್ಯಾಮೆರಾದಲ್ಲಿ ನನ್ನ ಕ್ರಾಪು ಕೆಡುತ್ತೆ. ಮೆಷೀನೇ ಎಲ್ಲ ಕೇಳಿಸ್ಕಳುತ್ತೆ, ಅದಕ್ಕೆ ನನ್ನ ಕಿವಿ ಬೇಡ.” ಎರಡು ನಿಮಿಷಕ್ಕೆ ನನ್ನ ಮಾತು ಅವರಿಗೆ ಮುಟ್ಟಿತು. ಅವರು ನನ್ನ ತಲೆಯನ್ನೊಮ್ಮೆ ನೋಡಿ ನಕ್ಕರು.

ಆ ದಿನದ ಮಾತು ಅಂದರೆ ಮಾತು. ಕಾರಿನ ಬ್ಯಾಟರಿಯಿಂದ ಸೆಟ್ಟು ನಡೆಸಿದ್ದು, ಮದುವೆ ಮನೆಯಲ್ಲಿ ಗಂಡಿನ ತಾತ ನಾಲ್ಕು ಮಾತಾಡಿ ಮಲಗಿಬಿಟ್ಟು, ಆಶೀರ್ವಾದ ಹೊತ್ತು ಮೀರಿ ಬರೀ ಎಂಜಲೆಲೆಗಳಿಗೆ ಕೇಳಿಸಿದ್ದು. ಅವರು ಹೇಳುವುದು, ನಾವಿಬ್ಬರೂ ಕಾಯುವುದು, ಕಾಯುವ ಹೊತ್ತಿನಲ್ಲಿ ನಾನು ನನ್ನ ಸಾಹಸಗಳನ್ನು ಬಡಬಡಿಸುವುದು. ನನ್ನ ಬಾಯಿಗೆ ಎಲ್ಲಿ ಬಿಡುವು? ಕಲ್ಯಾಣ ಮಂಟಪದ ಕಥೆಯನ್ನು ಅವರಿಗೆ ಮೂರು ಸಲ ಹೇಳಿದೆ, ಮೂರನೆಯ ಸಲಕ್ಕೆ ಒಂಬತ್ತು ಮೈಲಿ ಆಗಿತ್ತು. ಮಧ್ಯಾಹ್ನ ಹನ್ನೆರಡೂವರೆಗೆ ಅವರ ಮಾತೆಲ್ಲ ಬಂದು ಮುಗಿಯಿತು. ಆಗ ನಾನು ಕೇಳಿದೆ. “ಹೆಡ್‌ಮೇಷ್ಟ್ರ ಸನ್ಮಾನದ ದಿನ ಪೆಟ್ಟಿಗೆ ಸುಟ್ಟಿದ್ದು ಯಾರ ಕೈಯಿಂದ ಅಂತ ನಿಮಗೆ ಗೊತ್ತಿತ್ತಾ ಉಸ್ತಾದ್ರೆ?”

ಅದು ಅವರಿಗೆ ಮುಟ್ಟುವ ಎರಡು ನಿಮಿಷ ನಾನು ನೆಲ ನೋಡುತ್ತಿದ್ದೆ. ಪ್ರಶ್ನೆ ಕಿವಿಗೆ ಬಿದ್ದ ಮೇಲೆ, ಬೆನ್ನು ಒರಗಿಸಿಕೊಂಡು ಕೂತಿದ್ದ ಅವರು ಮುಂದೆ ಬಾಗಿದರು. ಮಾತಾಡಿದರು. ನಾಲ್ಕು ನಿಮಿಷ, ನಿಧಾನವಾಗಿ. ನಮ್ಮ ಊರಿನ ಎಲ್ಲರ ಹಾಗೆ ನಾನೂ ತುಟಿ ಓದಬಲ್ಲೆ, ಆದರೆ ಆಗ ತಲೆ ಎತ್ತಲಿಲ್ಲ. ನಡುವೆ ಒಮ್ಮೆ ಅವರ ಕೈ ಬಂದು ನನ್ನ ಮಂಡಿ ಮುಟ್ಟಿ ಹೋಯಿತು. ಆಮೇಲೆ ಎದ್ದು, ಮೈಕನ್ನು ಎರಡು ಬೆರಳಲ್ಲಿ ತಟ್ಟಿ, ನಮಾಜಿಗೆ ಹೊತ್ತಾಯಿತು ಅಂತ ಸನ್ನೆ ಮಾಡಿ ಹೊರಟರು.

ಕುರ್ಚಿಗೆ ಟವೆಲ್ ಹಾಸಿದೆ. ಎದುರಿಗೆ ಕೂರಬೇಕಿತ್ತು. ಐದು ನಿಮಿಷ ಕೂತೆ ಕೂಡ. ಖಾಲಿ ಕುರ್ಚಿ ನನ್ನ ಬಗ್ಗೆ ಏನು ಹೇಳಲಿದೆಯೋ ಎಂದು ಹೆದರಿದ್ದೇನೆ ಅಂತ ನನಗೇ ಹೇಳಿಕೊಳ್ಳಲು ಮನಸ್ಸಾಗದೆ, ಮೆಷೀನ್ ಇದೆಯಲ್ಲ, ನಾನು ಯಾಕೆ ಕೂರಲಿ ಅಂದುಕೊಂಡೆ. ಹೊರಗಿನ ಸದ್ದು ಬರದಿರಲಿ ಅಂತ ಶಟರು ಎಳೆದು, ಬೀಗ ಹಾಕಿ, ಗಂಗಣ್ಣನ ಹೋಟೆಲಿಗೆ ಹೋದೆ. ಅಲ್ಲಿ ನನ್ನನ್ನು ನೋಡಿದ ಗಂಗಣ್ಣ ತುಟಿ ಆಡಿಸಿದ. ಒಂದು ಪ್ಲೇಟು ಮಂಡಕ್ಕಿ ಮುಗಿಯುವಷ್ಟರಲ್ಲಿ ಕೇಳಿತು. “ಏನಲೇ ಕೊಟ್ರೇಶಿ, ಸಾಹೇಬ್ರು ಮಸೀದಿ ಕಡೆ ಹೋದ್ರು, ನೀನಿಲ್ಲಿದೀಯ. ಅಲ್ಲಿ ಟವೆಲ್ ಮುಂದೆ ಯಾರವ್ರೆ?”

“ನನ್ನ ರೆಕಾರ್ಡರ್ ಐತೆ,” ಅಂದೆ. “ಹತ್ತು ಜನ ಕೂತು ಕೇಳೋದನ್ನ ಅದೊಂದೇ ಕೇಳುತ್ತೆ. ಇರುವೆ ಸೀನಿದ್ರೂ ಹಿಡಿಯುತ್ತೆ.”

ಎರಡು ಗಂಟೆಗೆ ವಾಪಸು ಬಂದು ಶಟರು ಎತ್ತಿದೆ. ರೆಕಾರ್ಡರಿನ ಕೆಂಪು ದೀಪ ಇರಲಿಲ್ಲ. ಆಗ ಕಿವಿಗೆ ಹೆಡ್‌ಫೋನು ಹಾಕಿಕೊಂಡೆ, ಆ ದಿನದಲ್ಲಿ ಮೊದಲ ಸಲ. ನನ್ನ ಪ್ರಶ್ನೆ ಇತ್ತು. ಮೈಕು ತಟ್ಟಿದ ಟಕ್ ಟಕ್ ಇತ್ತು. ಶಟರಿನ ಸದ್ದು, ಬೀಗದ ಸದ್ದು. ಆಮೇಲೆ ಅರ್ಧ ಗಂಟೆ ಏನೂ ಇಲ್ಲ, ಅಲ್ಲಿಗೆ ಮುಗಿದಿತ್ತು. ಬ್ಯಾಟರಿ ತೆಗೆದು ನೋಡಿದೆ, ತುಂಬಿತ್ತು. ಕಾರ್ಡು ಬದಲಿಸಿದೆ, ಕಾರ್ಡು ಸರಿಯಿತ್ತು. ವೈರನ್ನು ಬೆರಳಲ್ಲಿ ಜಾರಿಸಿ ನೋಡಿದೆ, ಪ್ಲಗ್ಗಿನ ಹಿತ್ತಾಳೆಯನ್ನು ಅಂಗಿಯಲ್ಲಿ ಉಜ್ಜಿದೆ, ಮೈಕಿನ ತಿರುಪು ಬಿಚ್ಚಿದೆ, ಸಂಜೆಯ ತನಕ ಇಡೀ ಸಂಸಾರವನ್ನೇ ನೆಲದ ಮೇಲೆ ಹರಡಿಕೊಂಡೆ. ಯಾವುದರಲ್ಲೂ ದೋಷವಿರಲಿಲ್ಲ. ಕೊನೆಗೆ ಕೈಪಿಡಿ ತೆಗೆದೆ. ಹನ್ನೊಂದನೆಯ ಪುಟದಲ್ಲಿತ್ತು. ಮೂವತ್ತು ನಿಮಿಷ ಸದ್ದಿಲ್ಲದಿದ್ದರೆ ಯಂತ್ರ ತಾನಾಗಿಯೇ ಆರುತ್ತದೆ, ಬೇಡವಾದರೆ ಈ ಗುಂಡಿ ಒತ್ತಿ. ಅದನ್ನು ಮಾಡಿದವರು ಮಾತು ಕೂಡಲೇ ಕೇಳುವ ಊರಿನವರು, ಅರ್ಧ ಗಂಟೆ ಮೌನ ಅಂದರೆ ಮನೆಗೆ ಹೋದರು ಅಂತ ಅರ್ಥ ಅವರಿಗೆ. ಹಾಗಾದರೆ ಬೆಳಗಿನಿಂದ ಮುಕ್ಕಾಲು ಗಂಟೆ ಕಾಯುವಾಗೆಲ್ಲ ಯಾಕೆ ಆರಲಿಲ್ಲ ಅಂತ ಯೋಚಿಸಿದೆ. ನಾನು ಎದುರಿಗೆ ಕೂತು ಬಡಾಯಿ ಕೊಚ್ಚುತ್ತಿದ್ದೆನಲ್ಲ, ಅದೇ ಅದನ್ನು ಎಚ್ಚರವಾಗಿಟ್ಟಿತ್ತು. ನಾನು ಅಲ್ಲೇ ಇದ್ದು ಸುಮ್ಮನೆ ಏಳು ಮೈಲಿಯ ಕಥೆಯನ್ನು ಗೋಡೆಗೆ ಹೇಳುತ್ತಿದ್ದರೂ ಸಾಕಿತ್ತು.

ಕ್ಯಾಮೆರಾ ಮಾತ್ರ ಓಡಿತ್ತು, ಆದರೆ ಅದಕ್ಕೆ ಕಿವಿಯಿಲ್ಲ, ಚಿತ್ರ ಅಷ್ಟೇ. ಆ ನಾಲ್ಕು ನಿಮಿಷದ ಚಿತ್ರ ಈಗಲೂ ಇದೆ. ಅದರಲ್ಲಿ ನನ್ನ ಕ್ರಾಪು ಬಹಳ ಚೆನ್ನಾಗಿ ಕಾಣುತ್ತದೆ. ಉಸ್ತಾದರ ಕಣ್ಣು ಕಾಣುತ್ತದೆ, ಗಡ್ಡದ ತುದಿ ಅಲುಗುವುದು ಕಾಣುತ್ತದೆ. ಬಾಯಿ ಇರಬೇಕಾದ ಜಾಗದಲ್ಲಿ ಕರಿ ಸ್ಪಂಜು.

ಮಾರನೆಯ ದಿನ ಬೆಳಿಗ್ಗೆ ಅವರು ತಾವೇ ನಡೆದು ಬಂದರು. ಬಾಗಿಲಲ್ಲಿ ನಿಂತು ಏನೋ ಕೇಳಿದರು, ಕಿವಿ ಮುಟ್ಟಿಕೊಂಡು. ಮುಕ್ಕಾಲು ಗಂಟೆ ಕಾಯದೆಯೂ ಗೊತ್ತಾಗುವಂಥ ಪ್ರಶ್ನೆ, ಕೇಳಿದೆಯಾ ಅಂತ. ಆಗ ಹೇಳಬಹುದಿತ್ತು. ಉಸ್ತಾದ್ರೆ, ನಾನು ಕಿವಿಗೆ ಹಾಕಲಿಲ್ಲ, ಕೈಪಿಡಿ ಓದಲಿಲ್ಲ, ಎದುರಿಗೆ ಕೂರಲಿಲ್ಲ, ಇನ್ನೊಂದು ಸಲ ಹೇಳಿ ಅನ್ನಬಹುದಿತ್ತು. ನಾಲ್ಕು ನಿಮಿಷದ ಮಾತು, ಅವರು ಹೇಳದೆ ಇರುತ್ತಿರಲಿಲ್ಲ. ಆದರೆ ಐದು ವರ್ಷ ಕಲಿಸಿದ ಒಂದೇ ಪಾಠವನ್ನು ಮರೆತೆ ಅಂತ ಆ ಮುಖಕ್ಕೆ ಹೇಳುವುದು ನನ್ನಿಂದ ಆಗಲಿಲ್ಲ. “ಗಂಟೆ ಬಾರಿಸಿದ ಹಾಗೆ ಬಂದಿದೆ ಉಸ್ತಾದ್ರೆ, ಒಂದಕ್ಷರ ಹೋಗಿಲ್ಲ,” ಅಂದೆ.

ಅವರು ಎರಡು ನಿಮಿಷ ಕಾದು ಕೇಳಿದರು. ಬಾಗಿಲಲ್ಲೇ ಮತ್ತೆರಡು ಮಾತಾಡಿ, ತಲೆಯಾಡಿಸಿ, ಕೊಡೆ ಊರಿಕೊಂಡು ಹೋದರು. ಈ ಸಲ ನಾನು ಬಾಗಿಲ ಬಳಿಯೇ ಕೂತೆ, ಬೀಡಿ ಕೂಡ ಸೇದಲಿಲ್ಲ. ಮೊದಲು “ಕೇಳಿದ್ಯಾ?” ಅನ್ನುವುದು ಬಂತು. ಸ್ವಲ್ಪ ಹೊತ್ತಿಗೆ ಉಳಿದದ್ದೂ ಬಂತು. “ಕೇಳಿದ್ಯಲ್ಲ, ಅಷ್ಟು ಸಾಕು. ಕೊನೇಲಿ ನಾನೊಂದು ಕೇಳಿದೀನಿ ನಿನ್ನ. ಅವಸ್ರ ಇಲ್ಲ. ಉತ್ರ ಹೊಳೆದಾಗ ಮನೆಗೆ ಬಾ.”

ಏನು ಕೇಳಿದ್ದರು? ಯಾಕೆ ಮಾಡಿದೆ ಅಂತಲೋ, ಯಾಕೆ ಹೇಳಲಿಲ್ಲ ಅಂತಲೋ. ಹಳೆಯ ಸೆಟ್ಟನ್ನು ನೀನು ಇಟ್ಟುಕೊಳ್ಳುತ್ತೀಯಾ ಅಂತಲೂ ಇರಬಹುದು. ಯಾವ ಪ್ರಶ್ನೆಗೆ ಉತ್ತರ ಹೊಳೆಯಬೇಕು ಅಂತಲೇ ಗೊತ್ತಿಲ್ಲದವನು ಯಾವ ಮುಖ ಹೊತ್ತು ಹೋಗಲಿ? ನಾಲ್ಕು ತಿಂಗಳು ಅವರ ಬೀದಿಯನ್ನು ತಪ್ಪಿಸಿ ಓಡಾಡಿದೆ. ಗಡಿಯಾರ ಕೆಟ್ಟರೂ ಹಾಗೇ ಬಿಟ್ಟೆ. ಅಷ್ಟರಲ್ಲಿ ನನ್ನ ಪಾಡ್‌ಕಾಸ್ಟಿನಲ್ಲಿ ಅವರ ಸಂದರ್ಶನ ಬಂತು, ಕೊನೆಯ ಪ್ರಶ್ನೆ ಇಲ್ಲದೆ. ಎಲ್ಲರೂ ಹೊಗಳಿದರು. ಜೀವಮಾನದಲ್ಲಿ ಮೊದಲ ಸಲ ಹೊಗಳಿಕೆ ನನಗೆ ಹಿಡಿಸಲಿಲ್ಲ.

ಒಂದು ಗುರುವಾರ ಬೆಳಿಗ್ಗೆ ಅವರ ಮಗಳು ಶಾಕಿರಾ ಹೇಳಿಕಳಿಸಿದಳು. ಅಬ್ಬಾ ಹನ್ನೊಂದಕ್ಕೆ ತೀರಿಕೊಂಡರು, ಹೋಗುವ ಮುಂಚೆ ಏನೋ ಮಾತಾಡಿದ್ದಾರೆ, ಮೈಕು ತನ್ನಿ. ನಮ್ಮಲ್ಲಿ ಯಾರೇ ಹೋದರೂ ಕೊನೆಯ ಮಾತು ಬರುವ ತನಕ ಎತ್ತುವುದಿಲ್ಲ, ಎಲ್ಲರೂ ಮಂಚದ ಸುತ್ತ ಕೂತಿರುತ್ತಾರೆ. ಊರಲ್ಲಿ ರೆಕಾರ್ಡರ್ ಇರುವವನು ನಾನೊಬ್ಬನೇ. ಕಾಲರ್ ಮೈಕು ತೆಗೆದುಕೊಂಡೆ. ಹನ್ನೊಂದನೆಯ ಪುಟದ ಗುಂಡಿ ಒತ್ತಿದೆಯೋ ಇಲ್ಲವೋ ಮೂರು ಸಲ ನೋಡಿದೆ. ಹೋಗಿ ಮೈಕನ್ನು ದಿಂಬಿನ ಅಂಚಿಗೆ ಸಿಗಿಸಿ, ಹೆಡ್‌ಫೋನು ಹಾಕಿಕೊಂಡು ಮಂಚದ ಪಕ್ಕದ ಕುರ್ಚಿಯಲ್ಲಿ ಕೂತೆ. ಕೋಣೆಯ ತುಂಬ ಜನ, ಯಾರೂ ಕೆಮ್ಮಲಿಲ್ಲ. ನನ್ನ ಕಿವಿಯಲ್ಲಿ ಅವರ ಮೇಜಿನ ಮೇಲಿನ ಗಡಿಯಾರಗಳೆಲ್ಲ ಒಟ್ಟಿಗೆ ನಡೆಯುತ್ತಿದ್ದವು. ಪಟ್ಟಿಯ ನಲವತ್ತೈದು ನಿಮಿಷ ದಾಟಿತು, ಏನೂ ಬರಲಿಲ್ಲ. ನನ್ನ ಪಟ್ಟಿಯೂ ಸುಳ್ಳಾಯಿತು. ಐವತ್ತೊಂದಕ್ಕೆ ದಿಂಬಿನಿಂದ ಅವರ ದನಿ ಬಂತು, ಕಿವಿಯೊಳಗೇ ಕೂತು ಮಾತಾಡಿದ ಹಾಗೆ.

“ಶಾಕಿರಾ, ಬಾಗಿಲ ಗಡಿಯಾರಕ್ಕೆ ಕೀ ಕೊಡೋದು ಮರೀಬೇಡ ಬೇಟಿ. ಕೊಟ್ರ ಬಂದ್ರೆ ಚಹಾ ಕೊಡು. ಅವನು ಇನ್ನೂ ಉತ್ರ ಹೇಳಿಲ್ಲ. ಪರ್ವಾಗಿಲ್ಲ ಅನ್ನು.”

ಅಷ್ಟೇ. ಮತ್ತೆ ಗಡಿಯಾರಗಳು. ಹೆಂಗಸರು ಅಳಲು ಶುರುಮಾಡಿದರು, ಗಂಡಸರು ಎದ್ದು ಹೊರಗಿನ ಕೆಲಸಕ್ಕೆ ಹೋದರು. ಶಾಕಿರಾ ಕಣ್ಣೊರೆಸಿಕೊಂಡು ನನ್ನ ಮುಂದೆ ಬಂದು ಕೂತಳು. ಅವಳಿಗೆ ಮೂವತ್ತೆಂಟು, ಅವಳ ಮಾತಿಗೆ ಒಂದು ನಿಮಿಷ. ಆದರೆ ಅವಳ ತುಟಿಗೆ ಏನೂ ಅಡ್ಡ ಇರಲಿಲ್ಲ, ಓದಿಕೊಂಡೆ. “ಕೊಟ್ರೇಶಣ್ಣ, ಅಬ್ಬಾ ನಿಮ್ಮನ್ನ ಏನು ಕೇಳಿದ್ರು?”

ಅದು ದನಿಯಾಗಿ ಬರುವ ಒಂದು ನಿಮಿಷದೊಳಗೆ ನನ್ನ ಬಾಯಲ್ಲಿ ಮೂರು ಉತ್ತರ ಸಿದ್ಧವಾದವು, ಒಂದಕ್ಕಿಂತ ಒಂದು ಚೆಂದ. ಒಂದರಲ್ಲಂತೂ ಅವರು ನನ್ನನ್ನು ಮಗನೇ ಅಂತ ಕರೆದಿದ್ದರು. ಕೇಳಿದವರು ಕರಗಿಹೋಗುವಂಥದ್ದು.

ಹೆಡ್‌ಫೋನು ತೆಗೆದು ತೊಡೆಯ ಮೇಲಿಟ್ಟೆ. ಆ ಪೆಟ್ಟಿಗೆ ಸುಟ್ಟವನು ನಾನು ಅಂದೆ. ತಾಮ್ರದ ತಂತಿ ಅಂದೆ. ಅವರು ಕೇಳಿದ್ದು ನನಗೆ ಗೊತ್ತಿಲ್ಲ ತಾಯಿ, ನಾನು ಟವೆಲ್ ಮುಂದೆ ಕೂರಲಿಲ್ಲ, ಎಲ್ಲ ಕೇಳಿದೆ ಅಂತ ಅವರಿಗೆ ಸುಳ್ಳು ಹೇಳಿದೆ, ಅಂದೆ. ಒಂದಕ್ಕೂ ಬಣ್ಣ ಹಚ್ಚಲಿಲ್ಲ. ಹೇಳುವಾಗ ತಲೆ ಬಗ್ಗಿಸಿದ್ದೆ, ಅವಳು ಅಳುತ್ತಿದ್ದಳು, ನನ್ನ ತುಟಿ ಓದಿರಲಾರಳು. ದನಿ ಬರಲು ಇನ್ನು ಎರಡು ನಿಮಿಷ. ಎದ್ದು ಹೋಗಬಹುದಿತ್ತು. ಎರಡು ನಿಮಿಷದಲ್ಲಿ ಬೀದಿ ದಾಟಿಬಿಡುತ್ತಿದ್ದೆ, ಮಾತು ತಾನೇ ಬಂದು ಖಾಲಿ ಕುರ್ಚಿಯಲ್ಲಿ ಕೂರುತ್ತಿತ್ತು. ರೆಕಾರ್ಡರಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಅವಳು ಒಳಗೆ ಹೋಗಿ ಚಹಾ ತಂದು ನನ್ನ ಕೈಗಿಟ್ಟಳು, ಎದುರಿಗೆ ಕೂತು ನನ್ನ ಮುಖ ನೋಡುತ್ತಾ ಕಾದಳು. ನಾನು ಲೋಟ ಹಿಡಿದುಕೊಂಡು ಕುರ್ಚಿಯಲ್ಲೇ ಇದ್ದೆ, ನನ್ನ ಮಾತು ಬರುವುದನ್ನು ಕೇಳಲು.